ಲಿನಕ್ಸ್ ಸೇಫಾ, ವಿಂಡೋಸ್ ಸೇಫಾ? ಅರ್ಧ ಸೆಕೆಂಡಿನಿಂದ ಶುರು ಮಾಡೋಣ

2024ರ ಮಾರ್ಚ್. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಡೇಬಿಯನ್ ಲಿನಕ್ಸ್ ಹಾಕಿದ ಒಂದು ಮಷಿನ್ ಮೇಲೆ ಸ್ಪೀಡ್ ಟೆಸ್ಟ್ ಮಾಡುತ್ತಿದ್ದರು. ಲಿನಕ್ಸ್ ಅಂದರೆ ವಿಂಡೋಸ್ ಥರವೇ ಕಂಪ್ಯೂಟರ್ ನಡೆಸುವ ಸಿಸ್ಟಮ್, ಡೇಬಿಯನ್ ಅದರ ಒಂದು ಬಗೆ. ಅವರು ಕೆಲಸ ಮಾಡುವುದು ಪೋಸ್ಟ್‌ಗ್ರೆಸ್ ಎಂಬ ಓಪನ್ ಸೋರ್ಸ್ ಡೇಟಾಬೇಸ್ ಮೇಲೆ, ನೌಕರಿ ಮೈಕ್ರೋಸಾಫ್ಟ್‌ನಲ್ಲಿ. ಇಂಥ ಟೆಸ್ಟ್ ಮಾಡುವಾಗ ಮಷಿನ್ ತಣ್ಣಗಿರಬೇಕು, ಬೇರೆ ಯಾವ ಪ್ರೋಗ್ರಾಮೂ ಅಡ್ಡ ಬರಬಾರದು. ಆದರೆ ಎಸ್‌ಎಸ್‌ಎಚ್ ಸುಮ್ನೆ ಸಿಪಿಯು ತಿನ್ನುತ್ತಿತ್ತು. ಎಸ್‌ಎಸ್‌ಎಚ್ ಅಂದರೆ ದೂರದಲ್ಲಿ ಕೂತು ಇನ್ನೊಂದು ಕಂಪ್ಯೂಟರಿಗೆ ಲಾಗಿನ್ ಆಗುವ ದಾರಿ. ಲಿನಕ್ಸ್ ಸರ್ವರ್‌ಗಳಿಗೆಲ್ಲ ಹೆಚ್ಚುಕಡಿಮೆ ಅದೇ ಮುಂಬಾಗಿಲು. ಅವರು ಅಳೆದು ನೋಡಿದರು. ಮೊದಲು 0.299 ಸೆಕೆಂಡಿನಲ್ಲಿ ಮುಗಿಯುತ್ತಿದ್ದ ಲಾಗಿನ್ ಪ್ರಯತ್ನಕ್ಕೆ ಈಗ 0.807 ಸೆಕೆಂಡ್ ಬೇಕಾಗಿತ್ತು.

ಅರ್ಧ ಸೆಕೆಂಡ್ ಜಾಸ್ತಿ, ಅಷ್ಟೇ. ಹತ್ತರಲ್ಲಿ ಒಂಬತ್ತು ಜನ ಇದನ್ನು ಗಮನಿಸುವುದೇ ಇಲ್ಲ. ಗಮನಿಸಿದರೂ ನೆಟ್ ಸ್ಲೋ ಇರಬೇಕು ಎಂದು ಮುಂದೆ ಹೋಗುತ್ತಾರೆ. ಫ್ರಾಯಿಂಡ್ ಹೋಗಲಿಲ್ಲ. ದಾರ ಹಿಡಿದು ಎಳೆಯುತ್ತಾ ಹೋದರು. ಎಳೆದಾಗ ಸಿಕ್ಕಿದ್ದು ಎಕ್ಸ್‌ಝಡ್ ಎಂಬ ಒಂದು ಪುಟ್ಟ ಸಾಫ್ಟ್‌ವೇರ್. ಫೈಲುಗಳನ್ನು ಒತ್ತಿ ಚಿಕ್ಕದು ಮಾಡುವ ಸಾದಾ ಕೆಲಸ ಅದರದು. ಅದರ ಒಳಗೆ ಯಾರೋ ಒಂದು ದಿಡ್ಡಿ ಬಾಗಿಲು ಇಟ್ಟಿದ್ದರು. ಅದರ ಕೀಲಿ ಇದ್ದವನು ಎಸ್‌ಎಸ್‌ಎಚ್ ಮೂಲಕ, ಪಾಸ್‌ವರ್ಡ್ ಇಲ್ಲದೆ, ಅದು ಇರುವ ಸರ್ವರ್ ಒಳಗೆ ತನಗೆ ಬೇಕಾದ ಆಜ್ಞೆ ನಡೆಸಬಹುದಿತ್ತು. ಮಾರ್ಚ್ 29ರಂದು ಫ್ರಾಯಿಂಡ್ ಎಲ್ಲರಿಗೂ ತಿಳಿಯುವ ಹಾಗೆ ಇದನ್ನು ಬರೆದು ಹಾಕಿದರು.

ಅವತ್ತಿನಿಂದ ಎರಡು ಕಡೆಯವರೂ ಇದೇ ಕಥೆಯನ್ನು ತಮ್ಮ ತಮ್ಮ ವಾದಕ್ಕೆ ಬಳಸುತ್ತಿದ್ದಾರೆ. ವಿಂಡೋಸ್, ಮ್ಯಾಕ್ ಮೆಚ್ಚುವವರು ಹೇಳುತ್ತಾರೆ: ನೋಡಿ, ಓಪನ್ ಸೋರ್ಸ್ ಅಂದರೆ ಯಾರು ಬೇಕಾದರೂ ಬಂದು ಏನು ಬೇಕಾದರೂ ತುರುಕಬಹುದು. ಲಿನಕ್ಸ್ ಮೆಚ್ಚುವವರು ಹೇಳುತ್ತಾರೆ: ನೋಡಿ, ಕೋಡ್ ತೆರೆದಿತ್ತು, ಅದಕ್ಕೇ ಸಿಕ್ಕಿಬಿತ್ತು. ಎರಡೂ ಮಾತಿನಲ್ಲಿ ಅರ್ಧ ನಿಜ ಇದೆ. ಉಳಿದರ್ಧ ಎಲ್ಲಿದೆ ಎಂದು ಹುಡುಕುವುದೇ ಈ ಬರಹದ ಕೆಲಸ. ಏಕೆಂದರೆ ನಮ್ಮ ಬ್ಯಾಂಕ್ ದುಡ್ಡು, ಮಕ್ಕಳ ಫೋಟೋ, ಆಫೀಸಿನ ಕಾಗದಪತ್ರ ಎಲ್ಲ ಈ ಎರಡರಲ್ಲಿ ಒಂದರ ಮೇಲೆ ಕೂತಿವೆ.

ಮೊದಲು ಪದಗಳು. ಸೋರ್ಸ್ ಕೋಡ್ ಅಂದರೆ ಮನುಷ್ಯರು ಓದಬಲ್ಲ ರೂಪದಲ್ಲಿರುವ ಪ್ರೋಗ್ರಾಮ್. ಅದನ್ನು ಮಷಿನ್ ಓದುವ ಸೊನ್ನೆ-ಒಂದುಗಳಾಗಿ ಬದಲಾಯಿಸಿ ನಮಗೆ ಕೊಡುತ್ತಾರೆ. ವಿಂಡೋಸ್ ಥರದ ಕಂಪನಿ ಒಡೆತನದ ಸಿಸ್ಟಮ್‌ಗಳಲ್ಲಿ ನಮಗೆ ಸಿಗುವುದು ಈ ಎರಡನೆಯದು ಮಾತ್ರ. ಲಿನಕ್ಸ್‌ನಲ್ಲಿ ಎರಡೂ ಸಿಗುತ್ತವೆ. ಓದಬಹುದು, ತಿದ್ದಬಹುದು, ತಿದ್ದಿದ್ದನ್ನು ಹಂಚಬಹುದು. ಇದಕ್ಕೇ ಓಪನ್ ಸೋರ್ಸ್ ಎನ್ನುವುದು. ಬೆಂಗಳೂರಿನ ದರ್ಶಿನಿ ಹೋಟೆಲುಗಳಲ್ಲಿ ಅಡುಗೆಮನೆ ಎದುರಿಗೇ ಕಾಣುತ್ತದೆ, ಅಲ್ವಾ? ದೊಡ್ಡ ಹೋಟೆಲುಗಳಲ್ಲಿ ಬಾಗಿಲು ಮುಚ್ಚಿರುತ್ತದೆ, ತಟ್ಟೆ ಮಾತ್ರ ಹೊರಗೆ ಬರುತ್ತದೆ. ಅಡುಗೆಮನೆ ಕಾಣುತ್ತದೆ ಎಂಬುದು ದೊಡ್ಡ ಅನುಕೂಲ. ಆದರೆ ಕಾಫಿ ಕುಡಿಯುತ್ತಾ ನಿಂತವರು ದೋಸೆ ಹಂಚು ನೋಡುತ್ತಾರೆಯೇ ಹೊರತು, ಮೂಲೆಯಲ್ಲಿರುವ ಎಣ್ಣೆ ಡಬ್ಬಿಯ ಮೇಲಿನ ತಾರೀಕು ಯಾರೂ ಓದುವುದಿಲ್ಲ.

ಓಪನ್ ಸೋರ್ಸ್‌ನ ದೊಡ್ಡ ತೊಂದರೆ ಇಲ್ಲೇ ಇದೆ. ಸಾವಿರಾರು ಕಣ್ಣು ನೋಡುತ್ತಿದ್ದರೆ ಯಾವ ತಪ್ಪೂ ಬಚ್ಚಿಟ್ಟುಕೊಳ್ಳುವುದಿಲ್ಲ ಎಂಬ ನಂಬಿಕೆ ಬಹಳ ಹಳೆಯದು. ಆದರೆ ಎಲ್ಲರೂ ಪಲ್ಲಕ್ಕಿಯಲ್ಲಿ ಕೂತರೆ ಹೊರುವವರು ಯಾರು? ಲಕ್ಷಾಂತರ ಸರ್ವರ್‌ಗಳು ಬಳಸುವ ಎಕ್ಸ್‌ಝಡ್ ಅನ್ನು ನೋಡಿಕೊಳ್ಳುತ್ತಿದ್ದವರು ಲಾಸ್ಸೆ ಕಾಲಿನ್ ಎಂಬ ಒಬ್ಬರೇ. ಸಂಬಳ ಇಲ್ಲ. 2022ರಲ್ಲಿ ಅವರೇ ಬರೆದಿದ್ದರು: ನನ್ನ ಮಾನಸಿಕ ಆರೋಗ್ಯ ಸರಿ ಇಲ್ಲ, ಇದು ದುಡ್ಡಿಲ್ಲದ ಹವ್ಯಾಸದ ಕೆಲಸ ಎಂದು. ಅದೇ ಹೊತ್ತಿಗೆ, ಜಿಯಾ ಟಾನ್ ಎಂಬ ಹೆಸರಿನ ಯಾರೋ ಬಂದು ಸಹಾಯ ಮಾಡುತ್ತಿದ್ದರು. 2021ರ ಕೊನೆಯಿಂದ ಒಳ್ಳೆಯ, ಉಪಯೋಗಕ್ಕೆ ಬರುವ ತಿದ್ದುಪಡಿಗಳನ್ನೇ ಕಳಿಸಿದರು. ಇನ್ನು ಕೆಲವು ಹೆಸರುಗಳು ಬಂದು ಕಾಲಿನ್ ಮೇಲೆ ಒತ್ತಡ ಹಾಕಿದವು. ಕೆಲಸ ನಿಧಾನ ಆಗುತ್ತಿದೆ, ಬೇರೆಯವರಿಗೆ ವಹಿಸಿಕೊಡಿ ಎಂದು. ಆ ಹೆಸರುಗಳು ಬೇರೆ ಎಲ್ಲೂ ಹೆಚ್ಚಾಗಿ ಕಾಣಿಸಿಕೊಂಡಿರಲಿಲ್ಲ. ನಿಧಾನಕ್ಕೆ ಜವಾಬ್ದಾರಿ ಜಿಯಾ ಟಾನ್ ಕೈಗೆ ಬಂತು. 2024ರ ಫೆಬ್ರವರಿಯಲ್ಲಿ, ಎರಡು ವರ್ಷಕ್ಕೂ ಜಾಸ್ತಿ ಕಾದು, ದಿಡ್ಡಿ ಬಾಗಿಲು ಇಟ್ಟರು.

ಅದನ್ನು ಎಲ್ಲಿಟ್ಟರು ಎಂಬುದು ಇನ್ನೂ ಮುಖ್ಯ. ಎಲ್ಲರೂ ಓದುವ ಕೋಡಿನಲ್ಲಿ ಅಲ್ಲ. ಟೆಸ್ಟಿಗೆಂದು ಇಟ್ಟಿದ್ದ, ಓದಿದರೆ ಏನೂ ಅರ್ಥವಾಗದ ಒತ್ತಿದ ಫೈಲುಗಳ ಒಳಗೆ ವಿಷ ಇತ್ತು. ಆ ವಿಷವನ್ನು ಹೊರಗೆ ತೆಗೆಯುವ ಚಿಕ್ಕ ಸ್ಕ್ರಿಪ್ಟು, ಬಿಡುಗಡೆಗೆಂದು ಕಟ್ಟಿದ ಗಂಟಿನಲ್ಲಿ ಮಾತ್ರ ಇತ್ತು. ಸಾರ್ವಜನಿಕವಾಗಿ ಕಾಣುವ ಕೋಡ್ ಭಂಡಾರದಲ್ಲಿ ಅದು ಇರಲೇ ಇಲ್ಲ. ಅಂದರೆ ಕಣ್ಣಿಗೆ ಕಾಣುವ ಕೋಡು ಒಂದು, ಕೈಗೆ ಬರುವ ಸಾಫ್ಟ್‌ವೇರ್ ಇನ್ನೊಂದು. ಫೆಡೋರಾ ಎಂಬ ಇನ್ನೊಂದು ಬಗೆಯ ಲಿನಕ್ಸ್‌ನ ಟೆಸ್ಟ್ ಆವೃತ್ತಿಗಳಿಗೆ, ಡೇಬಿಯನ್‌ನ ಟೆಸ್ಟಿಂಗ್ ಶಾಖೆಗೆ ಅದು ಆಗಲೇ ತಲುಪಿತ್ತು. ಉಬುಂಟು ಎಂಬ ಮತ್ತೊಂದು ಬಗೆಯ 24.04 ಆವೃತ್ತಿಯ ಬಿಡುಗಡೆಗೆ ಒಂದು ತಿಂಗಳೂ ಇರಲಿಲ್ಲ. ಇದರಿಂದಾಗಿ ಅದರ ಬೀಟಾ ಆವೃತ್ತಿಯನ್ನು ಒಂದು ವಾರ ಮುಂದಕ್ಕೆ ಹಾಕಬೇಕಾಯಿತು. ಇನ್ನು ಕೆಲವು ವಾರ ಯಾರೂ ಗಮನಿಸದೆ ಹೋಗಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿದರೆ ಈಗಲೂ ಹೊಟ್ಟೆ ತೊಳಸಿದಂತಾಗುತ್ತದೆ.

ಇದು ಬೇಕೆಂದೇ ಮಾಡಿದ್ದು. ಗೊತ್ತಿಲ್ಲದೆ ಆದ ತಪ್ಪುಗಳೂ ಕಡಿಮೆಯೇನಿಲ್ಲ. 2014ರ ಏಪ್ರಿಲ್‌ನಲ್ಲಿ ಬಯಲಾದ ಹಾರ್ಟ್‌ಬ್ಲೀಡ್ ನೆನಪಿರಬಹುದು. ಓಪನ್‌ಎಸ್‌ಎಸ್‌ಎಲ್ ಎಂಬ ಸಾಫ್ಟ್‌ವೇರಿನಲ್ಲಿ ಇದ್ದ ತೂತು ಅದು. ವೆಬ್‌ಸೈಟಿನ ವಿಳಾಸದ ಪಕ್ಕ ಬೀಗದ ಚಿತ್ರ ಬರುತ್ತದಲ್ಲ, ಅದರ ಹಿಂದೆ ಎಷ್ಟೋ ಕಡೆ ಕೆಲಸ ಮಾಡುವುದು ಇದೇ. ನಾವು ಸರ್ವರ್‌ಗೆ ಒಂದು ಚಿಕ್ಕ ಸಂದೇಶ ಕಳಿಸಿ, ಇದರ ಉದ್ದ ಇಷ್ಟು, ಇದನ್ನೇ ವಾಪಸ್ ಕಳಿಸು ಎನ್ನಬಹುದಿತ್ತು. ಸರ್ವರ್ ಬದುಕಿದೆಯಾ ಎಂದು ನೋಡಲು ಇದ್ದ ವ್ಯವಸ್ಥೆ. ತಪ್ಪು ಏನೆಂದರೆ ನಾವು ಹೇಳಿದ ಉದ್ದ ನಿಜವಾ ಎಂದು ಸರ್ವರ್ ಅಳೆಯುತ್ತಿರಲಿಲ್ಲ. ಒಂದು ಅಕ್ಷರ ಕಳಿಸಿ 64 ಸಾವಿರ ಎಂದರೆ, ಆ ಒಂದು ಅಕ್ಷರದ ಜೊತೆಗೆ ತನ್ನ ನೆನಪಿನಲ್ಲಿ ಪಕ್ಕದಲ್ಲಿ ಬಿದ್ದಿದ್ದೆಲ್ಲವನ್ನೂ ಸೇರಿಸಿ ಅಷ್ಟುದ್ದ ಕೊಟ್ಟುಬಿಡುತ್ತಿತ್ತು. ಬೇರೆಯವರ ಪಾಸ್‌ವರ್ಡ್ ಇರಬಹುದು, ಸರ್ವರಿನ ರಹಸ್ಯ ಕೀಲಿಯೇ ಇರಬಹುದು. 2012ರ ಮಾರ್ಚ್‌ನಲ್ಲಿ ಬಿಡುಗಡೆಯಾದ ಕೋಡು, ಎರಡು ವರ್ಷ ಎಲ್ಲರ ಕಣ್ಣೆದುರಿಗೇ ಇತ್ತು. 2014ರ ಸೆಪ್ಟೆಂಬರ್‌ನಲ್ಲಿ, ಟೈಪ್ ಮಾಡಿದ ಆಜ್ಞೆಗಳನ್ನು ನಡೆಸುವ ಬ್ಯಾಷ್ ಎಂಬ ಪ್ರೋಗ್ರಾಮಿನಲ್ಲಿ ಶೆಲ್‌ಶಾಕ್ ಸಿಕ್ಕಿತು. ಅದು 1989ರಿಂದ ಇದ್ದ ತೂತು. ಇಪ್ಪತ್ತೈದು ವರ್ಷ! ತೆರೆದ ಬಾಗಿಲಿನ ಮುಂದೆ ಅಷ್ಟು ವರ್ಷ ಎಷ್ಟು ಜನ ಓಡಾಡಿರಬಹುದು?

ಹಾಗಾದರೆ ತೆರೆದಿಟ್ಟಿದ್ದಕ್ಕೆ ಬೆಲೆಯೇ ಇಲ್ಲವಾ? ಇದೆ. 2003ರ ನವೆಂಬರ್‌ನ ಒಂದು ಘಟನೆ ಹೇಳುತ್ತೇನೆ, ನನಗೆ ಬಹಳ ಇಷ್ಟವಾದದ್ದು. ಲಿನಕ್ಸ್ ಕರ್ನಲ್, ಅಂದರೆ ಸಿಸ್ಟಮ್‌ನ ತಿರುಳು, ಆಗ ಬಿಟ್‌ಕೀಪರ್ ಎಂಬ ಭಂಡಾರದಲ್ಲಿ ಇರುತ್ತಿತ್ತು. ಅದನ್ನು ಬಳಸದವರಿಗಾಗಿ ಬೇರೆ ಕಡೆ ಒಂದು ನಕಲು ಇಟ್ಟಿದ್ದರು. ಯಾರೋ ಆ ನಕಲಿನೊಳಗೆ ನುಗ್ಗಿ ಎರಡು ಸಾಲು ಸೇರಿಸಿದರು. ನೋಡಿದರೆ ಮಾಮೂಲಿ ತಪಾಸಣೆಯ ಹಾಗೆ ಕಾಣುತ್ತಿತ್ತು: ಈ ಬಳಕೆದಾರನ ನಂಬರ್ ಸೊನ್ನೆಯಾ? ಸೊನ್ನೆ ನಂಬರ್ ಅಂದರೆ ಸಿಸ್ಟಮ್‌ನ ಯಜಮಾನ, ಅವನಿಗೆ ಎಲ್ಲಕ್ಕೂ ಅಧಿಕಾರ. ಸಿ ಭಾಷೆಯಲ್ಲಿ ಹೀಗೆ ಕೇಳುವುದಕ್ಕೆ ಎರಡು ಸಮ ಚಿಹ್ನೆ ಹಾಕಬೇಕು, "==" ಎಂದು. ಅಲ್ಲಿ ಇದ್ದದ್ದು ಒಂದೇ, "=". ಒಂದೇ ಹಾಕಿದರೆ ಅರ್ಥವೇ ಬೇರೆ. ಸೊನ್ನೆಯಾ ಎಂದು ಕೇಳುವ ಬದಲು, ಸೊನ್ನೆ ಮಾಡಿಬಿಡು ಎಂದಾಗುತ್ತದೆ. ಈ ಸಾಲಿನವರೆಗೆ ಬರುವ ಗುಟ್ಟು ಗೊತ್ತಿದ್ದವನು ಒಂದೇ ಏಟಿಗೆ ಯಜಮಾನ. ಒಂದು ಗೆರೆ ಜೋಡಿಯಷ್ಟೇ ವ್ಯತ್ಯಾಸ!

ಅದು ಸಿಕ್ಕಿದ್ದು ಹೇಗೆ? ಯಾರೋ ಜಾಣರು ಕೋಡ್ ಓದಿ ಕಂಡುಹಿಡಿದಿದ್ದಲ್ಲ. ಲೆಕ್ಕ ತಾಳೆಯಾಗಲಿಲ್ಲ, ಅಷ್ಟೇ. ಈ ಬದಲಾವಣೆಯನ್ನು ಯಾರು ಒಪ್ಪಿದರು ಎಂಬ ದಾಖಲೆ ಮೂಲ ಭಂಡಾರದಲ್ಲಿ ಇರಲಿಲ್ಲ. ನಕಲಿನಲ್ಲಿ ಇದೆ, ಮೂಲದಲ್ಲಿ ಇಲ್ಲ. ಹಾಗೆ ಸಿಕ್ಕಿಬಿತ್ತು. ಯಾರ ಮಷಿನ್‌ಗೂ ಹೋಗುವ ಮೊದಲೇ ಕಿತ್ತು ಹಾಕಿದರು. ಓಪನ್ ಸೋರ್ಸ್‌ನ ನಿಜವಾದ ಬಲ ಇದರಲ್ಲಿದೆ ಎಂದು ನನಗೆ ಅನಿಸುತ್ತದೆ. ಪ್ರತಿಯೊಂದು ಸಾಲು ಯಾವತ್ತು ಬಂತು, ಯಾರು ಕಳಿಸಿದರು, ಯಾರು ಒಪ್ಪಿದರು ಎಂಬುದು ಊರಿಗೆಲ್ಲ ಕಾಣುವ ಹಾಗೆ ಬರೆದಿರುತ್ತದೆ. ಎಕ್ಸ್‌ಝಡ್ ವಿಷಯದಲ್ಲೂ ಫ್ರಾಯಿಂಡ್ ಬರೆದ ಕೆಲವೇ ಗಂಟೆಗಳಲ್ಲಿ ಜಗತ್ತಿನ ಮೂಲೆಮೂಲೆಯ ಜನ ಹಳೆಯ ದಾಖಲೆ, ಹಳೆಯ ಪತ್ರ ಎಲ್ಲ ಬಿಚ್ಚಿ ಎರಡು ವರ್ಷದ ನಾಟಕವನ್ನು ದಿನ ದಿನದ ಲೆಕ್ಕದಲ್ಲಿ ಜೋಡಿಸಿಟ್ಟರು. ಯಾರ ಅಪ್ಪಣೆಯೂ ಬೇಕಾಗಲಿಲ್ಲ.

ಇದನ್ನು ಸೋಲಾರ್‌ವಿಂಡ್ಸ್ ಪಕ್ಕ ಇಟ್ಟು ನೋಡಿ. ಅದು ಆಪರೇಟಿಂಗ್ ಸಿಸ್ಟಮ್ ಅಲ್ಲ, ದೊಡ್ಡ ನೆಟ್‌ವರ್ಕ್‌ಗಳನ್ನು ನೋಡಿಕೊಳ್ಳುವ ಮುಚ್ಚಿದ ಕೋಡಿನ ಸಾಫ್ಟ್‌ವೇರ್. ಆದರೆ ದಾಳಿಯ ರೀತಿ ಎಕ್ಸ್‌ಝಡ್‌ನದೇ. ಕಂಪನಿಯ ಒಳಗೆ ನುಗ್ಗಿದವರು, ಸಾಫ್ಟ್‌ವೇರ್ ತಯಾರಾಗುವ ಹೊತ್ತಿಗೆ ಸರಿಯಾಗಿ ತಮ್ಮ ಕೋಡ್ ಸೇರಿಸುತ್ತಿದ್ದರು. ಕಂಪನಿಯ ಸಹಿ ಬಿದ್ದ ಅಧಿಕೃತ ಅಪ್‌ಡೇಟ್ ಮೂಲಕವೇ ಅದು ಹೊರಗೆ ಹೋಯಿತು. 2020ರ ಮಾರ್ಚ್‌ನಿಂದ ಸುಮಾರು 18,000 ಗ್ರಾಹಕರಿಗೆ ತಲುಪಿತು. ಅಮೆರಿಕದ ಸರ್ಕಾರಿ ಇಲಾಖೆಗಳೂ ಅದರಲ್ಲಿದ್ದವು. ಬಯಲಾಗಿದ್ದು ಡಿಸೆಂಬರ್‌ನಲ್ಲಿ. ಅದೂ ಫೈರ್‌ಐ ಎಂಬ ಸೆಕ್ಯುರಿಟಿ ಕಂಪನಿಯ ಮೇಲೇ ದಾಳಿಯಾಗಿ, ಅವರ ಸಿಬ್ಬಂದಿಯೊಬ್ಬರ ಖಾತೆಗೆ ಎರಡನೇ ಫೋನ್ ನೋಂದಣಿಯಾಗಿದ್ದು ಅನುಮಾನ ಹುಟ್ಟಿಸಿ, ಅವರು ಹುಡುಕುತ್ತಾ ಹೋದ ಮೇಲೆ. ಎರಡೂ ಕಡೆ ನುಗ್ಗುವವರು ನುಗ್ಗಿದ್ದಾರೆ. ವ್ಯತ್ಯಾಸ ಆಮೇಲಿನದು. ಒಂದು ಕಡೆ ಅನುಮಾನ ಬಂದ ಯಾರೇ ಆದರೂ ಮೂಲದವರೆಗೆ ಹೋಗಿ ನೋಡಬಹುದಿತ್ತು. ಇನ್ನೊಂದು ಕಡೆ ಕೋಡ್ ತಯಾರಾಗುವ ಜಾಗವನ್ನು ನೋಡುವ ಅಧಿಕಾರ ಕಂಪನಿಗೆ ಮತ್ತು ಅದು ಕರೆದವರಿಗೆ ಮಾತ್ರ.

ಮುಚ್ಚಿಟ್ಟರೆ ಕಳ್ಳರಿಗೂ ಕಾಣುವುದಿಲ್ಲ ಅಲ್ವಾ ಎಂದು ಬಹಳ ಜನ ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ 1883ರಲ್ಲೇ ಕೆರ್ಕ್‌ಹಾಫ್ಸ್ ಎಂಬಾತ ಸೈನ್ಯದ ಗುಪ್ತಲಿಪಿಗಳ ಬಗ್ಗೆ ಬರೆಯುತ್ತಾ ಇದಕ್ಕೆ ಉತ್ತರ ಕೊಟ್ಟಿದ್ದರು. ವ್ಯವಸ್ಥೆ ಪೂರ್ತಿ ಶತ್ರುವಿನ ಕೈಗೆ ಸಿಕ್ಕರೂ, ಕೀಲಿ ಸಿಗದಿದ್ದರೆ ಅದು ಗಟ್ಟಿಯಾಗಿ ನಿಲ್ಲಬೇಕು. ಬೀಗ ಹೇಗೆ ಮಾಡಿದ್ದಾರೆ ಎಂಬುದು ಗುಟ್ಟಾಗಿರುವಷ್ಟು ದಿನ ಮಾತ್ರ ಭದ್ರವಾಗಿರುವ ಬೀಗ, ಬೀಗವೇ ಅಲ್ಲ. ಸೋರ್ಸ್ ಕೋಡ್ ಇಲ್ಲದಿದ್ದರೂ ಸೊನ್ನೆ-ಒಂದುಗಳನ್ನೇ ಹಿಂದಕ್ಕೆ ಬಿಡಿಸಿ ಓದುವ ಉಪಕರಣಗಳಿವೆ, ಅದರಲ್ಲಿ ಪಳಗಿದವರೂ ಇದ್ದಾರೆ. ಮೈಕ್ರೋಸಾಫ್ಟ್ ಪ್ರತಿ ತಿಂಗಳ ಎರಡನೇ ಮಂಗಳವಾರ ಪ್ಯಾಚ್, ಅಂದರೆ ತೂತು ಮುಚ್ಚುವ ತಿದ್ದುಪಡಿ, ಬಿಡುತ್ತದೆ. 2003ರಿಂದ ನಡೆದುಬಂದ ಪದ್ಧತಿ ಇದು. ಆ ದಿನವೇ ಕೆಲವರು ಹಳೆಯ ಫೈಲು, ಹೊಸ ಫೈಲು ಎರಡನ್ನೂ ಪಕ್ಕಪಕ್ಕ ಇಟ್ಟು ಏನು ಬದಲಾಗಿದೆ ಎಂದು ನೋಡುತ್ತಾರೆ. ಬದಲಾದ ಜಾಗವೇ ತೂತಿನ ವಿಳಾಸ. ಬುಧವಾರದಿಂದ, ಅಪ್‌ಡೇಟ್ ಹಾಕದವರ ಮನೆಯ ವಿಳಾಸವೂ ಅದೇ.

ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವಾನ್ನಾಕ್ರೈ ಎಂಬ ಪಿಡುಗಿನ ಕಥೆ ಅದನ್ನೇ ಹೇಳುತ್ತದೆ. ವಿಂಡೋಸ್‌ನಲ್ಲಿ ಫೈಲು ಹಂಚಿಕೊಳ್ಳುವ ಭಾಗದಲ್ಲಿ ಒಂದು ತೂತು ಇತ್ತು. ಅದು ಅಮೆರಿಕದ ಗೂಢಚಾರ ಸಂಸ್ಥೆ ಎನ್‌ಎಸ್‌ಎಗೆ ಮೊದಲೇ ಗೊತ್ತಿತ್ತು. ಅವರು ಬಹಳ ಕಾಲ ಹೇಳಲಿಲ್ಲ, ತಮ್ಮ ಆಯುಧ ಮಾಡಿಕೊಂಡು ಇಟ್ಟುಕೊಂಡರು. ಹೊರಗಿನವರಿಗೆ ಕಾಣದ ಕೋಡು, ಕಂಡವರು ಬಾಯಿ ಬಿಡಲಿಲ್ಲ. 2017ರ ಮಾರ್ಚ್ 14ರಂದು ಮೈಕ್ರೋಸಾಫ್ಟ್ ಪ್ಯಾಚ್ ಬಿಟ್ಟಿತು. ಏಪ್ರಿಲ್ 14ರಂದು ಆ ಆಯುಧ ಬಯಲಿಗೆ ಬಿತ್ತು. ಮೇ 12ರಂದು ಅದನ್ನು ಬಳಸಿಕೊಂಡ ವಾನ್ನಾಕ್ರೈ ಹರಡಿತು. ಸುಮಾರು 150 ದೇಶ, ಎರಡು ಲಕ್ಷಕ್ಕೂ ಜಾಸ್ತಿ ಕಂಪ್ಯೂಟರ್. ಬ್ರಿಟನ್ನಿನಲ್ಲಿ ಆಸ್ಪತ್ರೆಗಳು ರೋಗಿಗಳನ್ನು ವಾಪಸ್ ಕಳಿಸಿದವು. ನಮ್ಮ ಪಕ್ಕದ ಆಂಧ್ರದಲ್ಲಿ ಪೊಲೀಸ್ ಇಲಾಖೆಯ ಕೆಲವು ಕಂಪ್ಯೂಟರುಗಳೂ ಸಿಕ್ಕಿಹಾಕಿಕೊಂಡವು.

ತಾರೀಕುಗಳನ್ನು ಇನ್ನೊಮ್ಮೆ ನೋಡಿ. ಪ್ಯಾಚ್ ಬಂದು ಹೆಚ್ಚುಕಡಿಮೆ ಎರಡು ತಿಂಗಳಾಗಿತ್ತು. ಹೊಡೆತ ತಿಂದದ್ದು ಹೆಚ್ಚಾಗಿ ವಿಂಡೋಸ್ 7 ಮಷಿನ್‌ಗಳು, ಪ್ಯಾಚ್ ಸಿಗುತ್ತಿದ್ದರೂ ಹಾಕಿಕೊಳ್ಳದವು. ಆದರೆ ವಿಂಡೋಸ್ ಎಕ್ಸ್‌ಪಿ ಇದ್ದವರಿಗೆ ಆ ಆಯ್ಕೆಯೇ ಇರಲಿಲ್ಲ. ಅದಕ್ಕೆ 2014ರ ಏಪ್ರಿಲ್‌ನಲ್ಲೇ ಬೆಂಬಲ ನಿಂತಿತ್ತು. ದಾಳಿಯಾದ ಮೇಲೆ ಮೈಕ್ರೋಸಾಫ್ಟ್ ಎಕ್ಸ್‌ಪಿಗೂ ಒಂದು ಪ್ಯಾಚ್ ಕೊಟ್ಟಿತು. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಮುಚ್ಚಿದ ಕೋಡಿನ ಬಗ್ಗೆ ನನಗಿರುವ ದೊಡ್ಡ ತಕರಾರು ಇದೇ. ಕಂಪನಿ ಕೈ ಬಿಟ್ಟಿತು ಅಂದರೆ ಮುಗಿಯಿತು. ದುಡ್ಡು ಕೊಡುತ್ತೇನೆ, ರಿಪೇರಿ ಮಾಡಿಕೊಡಿ ಎಂದು ಇನ್ನೊಬ್ಬ ಮೆಕ್ಯಾನಿಕ್ ಹತ್ತಿರ ಹೋಗುವ ಹಾಗಿಲ್ಲ. ನಮ್ಮ ದೇಶದ ಎಷ್ಟೋ ಎಟಿಎಂಗಳು ಇದೇ ಎಕ್ಸ್‌ಪಿ ಮೇಲೆ ಓಡುತ್ತಿದ್ದವು. 2018ರ ಜೂನ್‌ನಲ್ಲಿ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಗಡುವು ಕೊಟ್ಟು, 2019ರ ಜೂನ್ ಒಳಗೆ ಎಲ್ಲವನ್ನೂ ಬದಲಾಯಿಸಿ ಎಂದು ಹೇಳಬೇಕಾಯಿತು.

ಇಷ್ಟು ಕೇಳಿ, ಸರಿ, ಯಾವುದರಲ್ಲಿ ತೂತು ಜಾಸ್ತಿ ಸಿಕ್ಕಿವೆ ಎಂದು ಎಣಿಸಿದರೆ ಆಯಿತಲ್ಲ ಎನ್ನಬೇಡಿ. ಸಿಕ್ಕ ಪ್ರತಿ ತೂತಿಗೂ ಸಿವಿಇ ಎಂಬ ಒಂದು ನಂಬರ್ ಕೊಡುತ್ತಾರೆ. ವರ್ಷದ ಕೊನೆಗೆ ಲಿನಕ್ಸ್‌ಗೆ ಇಷ್ಟು, ವಿಂಡೋಸ್‌ಗೆ ಇಷ್ಟು ಎಂದು ಪಟ್ಟಿ ಓಡಾಡುತ್ತದೆ. 2024ರ ಫೆಬ್ರವರಿಯಲ್ಲಿ ಲಿನಕ್ಸ್ ಕರ್ನಲ್ ತಂಡ ಈ ನಂಬರ್ ಕೊಡುವ ಅಧಿಕಾರವನ್ನು ತಾನೇ ತೆಗೆದುಕೊಂಡಿತು. ತೊಂದರೆ ಆಗಬಹುದು ಎಂಬ ಸಣ್ಣ ಅನುಮಾನವಿದ್ದರೂ ನಂಬರ್ ಕೊಡುತ್ತಾ ಹೋಯಿತು. ಎಣಿಕೆ ಒಮ್ಮೆಗೇ ಜಿಗಿಯಿತು. ಕೋಡ್ ಒಂದು ದಿನದಲ್ಲಿ ಕೆಟ್ಟು ಹೋಗಿರಲಿಲ್ಲ, ಲೆಕ್ಕ ಬರೆಯುವ ರೀತಿ ಬದಲಾಗಿತ್ತು. ಇನ್ನೊಂದು ಕಡೆ, ಕಂಪನಿಗಳು ಒಳಗೊಳಗೇ ಸರಿಮಾಡಿದ ತೂತುಗಳು ಯಾವ ಪಟ್ಟಿಗೂ ಬರಬೇಕೆಂದಿಲ್ಲ. ಹಾಗಾಗಿ ಆ ಪಟ್ಟಿ ನೋಡಿ ತೀರ್ಮಾನಕ್ಕೆ ಬರಬೇಡಿ.

ಕೋಡ್ ತೆರೆದದ್ದೋ ಮುಚ್ಚಿದ್ದೋ ಎಂಬುದಕ್ಕಿಂತ ದೊಡ್ಡ ವ್ಯತ್ಯಾಸ ಮಾಡುವ ಒಂದು ಸಂಗತಿ ಇದೆ, ಅದರ ಬಗ್ಗೆ ಮಾತು ಕಡಿಮೆ. ವಿಂಡೋಸ್ ಆಗಲಿ ಲಿನಕ್ಸ್ ಆಗಲಿ, ಬಹುಪಾಲು ಬರೆದಿರುವುದು ಸಿ ಮತ್ತು ಸಿ ಪ್ಲಸ್ ಪ್ಲಸ್ ಭಾಷೆಗಳಲ್ಲಿ. ನೆನಪಿನ ಯಾವ ಜಾಗಕ್ಕೆ ಕೈ ಹಾಕುತ್ತಿದ್ದೇವೆ ಎಂದು ಈ ಭಾಷೆಗಳು ತಡೆದು ಕೇಳುವುದಿಲ್ಲ. ಹಾರ್ಟ್‌ಬ್ಲೀಡ್ ಆದದ್ದೂ ಅದರಿಂದಲೇ. ತನ್ನ ತೂತುಗಳಲ್ಲಿ ಸುಮಾರು 70 ಶೇಕಡಾ ಇದೇ ಜಾತಿಯವು ಎಂದು 2019ರಲ್ಲಿ ಮೈಕ್ರೋಸಾಫ್ಟ್ ಹೇಳಿತು. ಗೂಗಲ್ ಕ್ರೋಮ್ ತಂಡವೂ ಹೆಚ್ಚುಕಡಿಮೆ ಅದೇ ಅಂಕಿ ಹೇಳಿತು. ಆಂಡ್ರಾಯ್ಡ್‌ನಲ್ಲಿ ಹೊಸ ಕೋಡನ್ನು ರಸ್ಟ್‌ನಂಥ ಸುರಕ್ಷಿತ ಭಾಷೆಗಳಲ್ಲಿ ಬರೆಯಲು ಶುರುಮಾಡಿದ ಮೇಲೆ, ಈ ಜಾತಿಯ ತೂತುಗಳ ಪಾಲು 2019ರಲ್ಲಿ 76 ಶೇಕಡಾ ಇದ್ದದ್ದು 2024ಕ್ಕೆ 24ಕ್ಕೆ ಇಳಿಯಿತು. ಲಿನಕ್ಸ್ ಕರ್ನಲ್‌ಗೂ 2022ರ ಡಿಸೆಂಬರ್‌ನಲ್ಲಿ ರಸ್ಟ್ ಬಂತು. ಈ ವಿಷಯದಲ್ಲಿ ಎರಡು ಕಡೆಯವರೂ ಒಂದೇ ದಾರಿ ಹಿಡಿದಿದ್ದಾರೆ.

ಈಗ ಜೇಬಿನಲ್ಲಿರುವ ಫೋನಿಗೆ ಬರೋಣ, ಏಕೆಂದರೆ ಇಲ್ಲಿ ವಾದ ತಲೆಕೆಳಗಾಗುತ್ತದೆ. ಆಂಡ್ರಾಯ್ಡ್‌ನ ತಿರುಳು ಓಪನ್ ಸೋರ್ಸ್, ಕೆಳಗಿರುವುದು ಲಿನಕ್ಸ್ ಕರ್ನಲ್ಲೇ. ಐಫೋನ್ ಬಹುಪಾಲು ಮುಚ್ಚಿದ ಪೆಟ್ಟಿಗೆ. ಹಾಗಾದರೆ ಆಂಡ್ರಾಯ್ಡ್ ಜಾಸ್ತಿ ಸೇಫ್ ಇರಬೇಕಲ್ಲ? ಕಳೆದ ವರ್ಷ ಊರಿಗೆ ಹೋದಾಗ ಚಿಕ್ಕಮ್ಮನ ಫೋನಿನಲ್ಲಿ ಸೆಟ್ಟಿಂಗ್ಸ್ ತೆರೆದು, ಅಬೌಟ್ ಫೋನ್ ಒಳಗೆ ಹೋಗಿ, ಸೆಕ್ಯುರಿಟಿ ಅಪ್‌ಡೇಟ್ ತಾರೀಕು ನೋಡಿದೆ. ಮೂರು ವರ್ಷ ಹಳೆಯದು. "ಫೋನ್ ಚೆನ್ನಾಗೇ ಇದೆಯಲ್ಲೋ, ಒಂದು ಗೆರೆಯೂ ಬಿದ್ದಿಲ್ಲ" ಎಂದರು ಚಿಕ್ಕಮ್ಮ. ಆ ಫೋನಿನಲ್ಲೇ ಯುಪಿಐ ಇತ್ತು, ಪಿಂಚಣಿ ಬರುವ ಖಾತೆಯೂ ಅದಕ್ಕೇ ಸೇರಿತ್ತು. ಈ ಮೂರು ವರ್ಷದಲ್ಲಿ ಆಂಡ್ರಾಯ್ಡ್ ಕೋಡಿನಲ್ಲಿ ನೂರಾರು ತೂತು ಮುಚ್ಚಿದ್ದಾರೆ, ಮುಚ್ಚಿದ್ದನ್ನು ಜಗತ್ತಿಗೆ ತೋರಿಸಿಯೂ ಇದ್ದಾರೆ. ಆದರೆ ಆ ರಿಪೇರಿ ಗೂಗಲ್‌ನಿಂದ ಚಿಪ್ ಕಂಪನಿಗೆ, ಅಲ್ಲಿಂದ ಫೋನ್ ಕಂಪನಿಗೆ, ಅಲ್ಲಿಂದ ಚಿಕ್ಕಮ್ಮನ ಕೈಗೆ ಬರಬೇಕು. ಅಗ್ಗದ ಫೋನಾದರೆ ಎರಡು ವರ್ಷಕ್ಕೇ ದಾರಿ ನಿಂತುಹೋಗುತ್ತದೆ. ತೆರೆದ ಕೋಡು ಕಳ್ಳನಿಗೆ ಕಾಣುತ್ತದೆ, ರಿಪೇರಿ ಮಾತ್ರ ಚಿಕ್ಕಮ್ಮನಿಗೆ ತಲುಪುವುದಿಲ್ಲ. ಇದು ನನಗೆ ನಿಜಕ್ಕೂ ಸಿಟ್ಟು ಬರಿಸುವ ವಿಷಯ. ಐಫೋನಿನಲ್ಲಿ ಅಪ್‌ಡೇಟ್ ಬಂದ ದಿನವೇ ಐದಾರು ವರ್ಷ ಹಳೆಯ ಫೋನಿಗೂ ಸಿಗುತ್ತದೆ. ಇತ್ತೀಚೆಗೆ ಗೂಗಲ್, ಸ್ಯಾಮ್‌ಸಂಗ್ ತಮ್ಮ ದುಬಾರಿ ಫೋನುಗಳಿಗೆ ಏಳು ವರ್ಷ ಕೊಡುವುದಾಗಿ ಹೇಳಿವೆ. ಹತ್ತು ಸಾವಿರದ ಫೋನಿಗೂ ಅದು ಬರಬೇಕು.

ಹಾಗೆಂದು ಮುಚ್ಚಿದ ಪೆಟ್ಟಿಗೆಯ ಕಷ್ಟ ಮಾಯವಾಗುವುದಿಲ್ಲ. 2023ರಲ್ಲಿ ಕ್ಯಾಸ್ಪರ್‌ಸ್ಕಿ ಎಂಬ ರಷ್ಯಾದ ಸೆಕ್ಯುರಿಟಿ ಕಂಪನಿಯವರು, ತಮ್ಮದೇ ನೌಕರರ ಐಫೋನುಗಳ ಒಳಗೆ ಯಾರೋ ಕೂತಿದ್ದಾರೆ ಎಂದು ಕಂಡುಹಿಡಿದರು. ಒಂದು ಸಂದೇಶ ಬಂದರೆ ಸಾಕು, ಫೋನಿನ ಒಡೆಯ ಏನನ್ನೂ ಒತ್ತಬೇಕಿಲ್ಲ, ಒಳಗೆ ನುಗ್ಗಿಬಿಡುತ್ತಿತ್ತು. ಅವರು ಅದನ್ನು ಕಂಡಿದ್ದು ಫೋನಿನಲ್ಲಿ ಅಲ್ಲ. ಆಫೀಸಿನ ವೈಫೈನಲ್ಲಿ ಓಡಾಡುವ ಸಂಚಾರ ನೋಡಿ ಅನುಮಾನ ಬಂತು. ಐಫೋನಿನ ಒಳಗೆ ಇಣುಕಿ ನೋಡುವುದಕ್ಕೆ ದಾರಿಯೇ ಇಲ್ಲದ್ದರಿಂದ ಬ್ಯಾಕಪ್ ತೆಗೆದು, ಅದರಲ್ಲಿ ಸುಳಿವು ಹುಡುಕಿದರು. ಅದೇ ಕೆಲಸ ಮಾಡುವ ಕಂಪನಿಗೇ ಇಷ್ಟು ಕಷ್ಟ. ನಿಮ್ಮ ಫೋನನ್ನು ಗೋಡೆ ಕಟ್ಟಿ ಕಾಪಾಡುತ್ತಾರೆ, ನಿಜ. ಆದರೆ ಆ ಗೋಡೆ ದಾಟಿದ ಕಳ್ಳನನ್ನೂ ಅದೇ ಗೋಡೆ ನಿಮ್ಮಿಂದ ಮುಚ್ಚುತ್ತದೆ.

ಲಿನಕ್ಸ್‌ಗೆ ವೈರಸ್ ಬರುವುದಿಲ್ಲ ಎನ್ನುವ ಗೆಳೆಯರಿಗೂ ಒಂದು ಮಾತು. 2016ರಲ್ಲಿ ಮಿರಾಯ್ ಎಂಬ ಪಿಡುಗು ಇಂಟರ್ನೆಟ್ಟಿನ ದೊಡ್ಡ ದೊಡ್ಡ ತಾಣಗಳನ್ನು ಗಂಟೆಗಟ್ಟಲೆ ಉರುಳಿಸಿತು. ಅದು ಕೂತಿದ್ದು ಲಿನಕ್ಸ್ ಮೇಲೆ ಓಡುವ ಸಿಸಿಟಿವಿ ಕ್ಯಾಮೆರಾ, ರೌಟರುಗಳಲ್ಲಿ. ನುಗ್ಗಲು ಬಳಸಿದ್ದು ಫ್ಯಾಕ್ಟರಿಯಿಂದ ಬಂದ ಪಾಸ್‌ವರ್ಡುಗಳ ಅರವತ್ತು ಚಿಲ್ಲರೆ ಜೋಡಿಯ ಪಟ್ಟಿ, ಅಷ್ಟೇ. ಅಡ್ಮಿನ್, ಅಡ್ಮಿನ್. ಇನ್ನು ಡೆಸ್ಕ್‌ಟಾಪ್ ಲಿನಕ್ಸ್‌ನಲ್ಲಿ ಹಳೆಯ ಎಕ್ಸ್11 ವ್ಯವಸ್ಥೆ ಇದ್ದರೆ, ಒಂದು ಕಿಟಕಿಯಲ್ಲಿ ನೀವು ಒತ್ತುವ ಕೀಲಿಗಳನ್ನು ಇನ್ನೊಂದು ಪ್ರೋಗ್ರಾಮ್ ಸುಲಭವಾಗಿ ಕದ್ದು ನೋಡಬಹುದು. ವೇಲ್ಯಾಂಡ್ ಎಂಬ ಹೊಸ ವ್ಯವಸ್ಥೆ ಅದನ್ನು ತಡೆಯುತ್ತದೆ. ಒಂದು ಆ್ಯಪ್ ಇನ್ನೊಂದರ ತಂಟೆಗೆ ಹೋಗದಂತೆ ಬೇಲಿ ಹಾಕುವುದರಲ್ಲಿ ಫೋನುಗಳು ಡೆಸ್ಕ್‌ಟಾಪ್‌ಗಿಂತ ಬಹಳ ಮುಂದಿವೆ.

ನಮ್ಮ ಊರುಗಳಲ್ಲಿ ನಾನು ಜಾಸ್ತಿ ನೋಡುವುದು ಇವೆರಡೂ ಅಲ್ಲದ ಮೂರನೆಯದು. ಪೈರೇಟೆಡ್ ವಿಂಡೋಸ್. ಮಷಿನ್ ಅಸೆಂಬಲ್ ಮಾಡಿಸಲು ಹೋದರೆ, "ವಿಂಡೋಸ್ ಹಾಕಿ ಕೊಡ್ತೀವಿ ಸರ್, ಅದಕ್ಕೇನೂ ಬೇಡ" ಎನ್ನುತ್ತಾರೆ. ಹಿಂದೆ ನಿಂತು ನೋಡಿದ್ದೇನೆ. ಪೆನ್‌ಡ್ರೈವಿನಿಂದ ವಿಂಡೋಸ್ ಹಾಕುತ್ತಾರೆ, ಆಮೇಲೆ ಆ್ಯಕ್ಟಿವೇಟರ್ ಎಂಬ ಒಂದು ಪುಟ್ಟ ಫೈಲು ತೆರೆಯುತ್ತಾರೆ. ತೆರೆಯುವ ಮೊದಲು ವಿಂಡೋಸ್‌ನ ಆ್ಯಂಟಿವೈರಸ್ ಆಫ್ ಮಾಡುತ್ತಾರೆ, ಏಕೆಂದರೆ ಅದು ಬಿಡುವುದಿಲ್ಲ. ಅಪ್‌ಡೇಟ್ ಬಂದರೆ ಆ್ಯಕ್ಟಿವೇಶನ್ ಹೋಗಿಬಿಡಬಹುದು ಎಂದು ಅದನ್ನೂ ಆಫ್ ಮಾಡುತ್ತಾರೆ. ನೋಡುವ ಕಣ್ಣೂ ಇಲ್ಲ, ರಿಪೇರಿ ಬರುವ ದಾರಿಯೂ ಇಲ್ಲ, ಒಳಗೆ ಯಾರು ಬರೆದರೋ ಗೊತ್ತಿಲ್ಲದ ಒಂದು ಪ್ರೋಗ್ರಾಮಿಗೆ ಯಜಮಾನಿಕೆ. ಓಪನ್ ಸೋರ್ಸ್ ಮತ್ತು ಕಂಪನಿ ಸಾಫ್ಟ್‌ವೇರ್ ಎರಡರ ಕೆಟ್ಟದ್ದನ್ನೂ ಆರಿಸಿ ಒಂದೇ ಡಬ್ಬಿಗೆ ತುಂಬಿದಂತೆ. ದಯವಿಟ್ಟು ಇದನ್ನು ಮಾತ್ರ ಮಾಡಬೇಡಿ.

ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಂತಿದೆ. ಹೆಚ್ಚುವರಿ ಸೆಕ್ಯುರಿಟಿ ಅಪ್‌ಡೇಟ್ ಯೋಜನೆಗೆ ಸೇರಿದರೆ 2026ರ ಅಕ್ಟೋಬರ್‌ವರೆಗೆ ಪ್ಯಾಚ್ ಸಿಗುತ್ತದೆ. ವಿಂಡೋಸ್ 11 ಒಪ್ಪದ ಹಳೆಯ ಮಷಿನ್ ಇದ್ದು, ಬ್ರೌಸರ್, ಮೇಲ್, ಒಂದಷ್ಟು ಕಾಗದಪತ್ರ ಅಷ್ಟೇ ನಿಮ್ಮ ಕೆಲಸವಾದರೆ, ಲಿನಕ್ಸ್ ಮಿಂಟ್ ಅಥವಾ ಉಬುಂಟು ಹಾಕಿ, ಅಪ್‌ಡೇಟ್ ತಾನಾಗೇ ಆಗುವಂತೆ ಬಿಡಿ. ಯೂನಿಕೋಡ್ ಕನ್ನಡ ಚೆನ್ನಾಗಿ ಟೈಪ್ ಆಗುತ್ತದೆ. ತೊಂದರೆ ಇರುವುದು ಡಿಟಿಪಿ ಮಾಡುವವರಿಗೆ. ಇಪ್ಪತ್ತು ವರ್ಷದ ಮದುವೆ ಕಾರ್ಡು, ಪುಸ್ತಕಗಳೆಲ್ಲ ಯೂನಿಕೋಡ್‌ಗೆ ಮುಂಚಿನ ಹಳೆಯ ಆಸ್ಕಿ ಫಾಂಟಿನಲ್ಲಿ, ಪುಟ ಜೋಡಿಸುವ ಹಳೆಯ ವಿಂಡೋಸ್ ಸಾಫ್ಟ್‌ವೇರ್ ಪೇಜ್‌ಮೇಕರ್‌ನಲ್ಲಿ ಕೂತಿರುತ್ತವೆ. ಪ್ರೆಸ್ ಇಟ್ಟುಕೊಂಡ ನನ್ನ ಗೆಳೆಯನೊಬ್ಬನ ಹತ್ತಿರ ಈಗಲೂ ಒಂದು ಎಕ್ಸ್‌ಪಿ ಮಷಿನ್ ಇದೆ. ಅದನ್ನು ಬಿಡು ಎಂದು ನಾನು ಹೇಳಲಿಲ್ಲ, ಹೇಳಿದರೆ ಅವನ ಹೊಟ್ಟೆಪಾಡು ನಿಲ್ಲುತ್ತದೆ. ಅದರ ಇಂಟರ್ನೆಟ್ ಕೇಬಲ್ ಕಿತ್ತು, ಫೈಲು ಸಾಗಿಸಲು ಅಂತಲೇ ಒಂದು ಪೆನ್‌ಡ್ರೈವ್ ಬೇರೆ ಇಟ್ಟೆವು. ಬ್ಯಾಂಕಿನ ಕೆಲಸ ಪಕ್ಕದ ಇನ್ನೊಂದು ಮಷಿನ್‌ನಲ್ಲಿ.

ನಮ್ಮ ರಕ್ಷಣಾ ಇಲಾಖೆ 2023ರಲ್ಲಿ ಕಚೇರಿಯ ಕಂಪ್ಯೂಟರುಗಳಿಗೆ ವಿಂಡೋಸ್ ಬದಲು ಮಾಯಾ ಎಂಬ ಸಿಸ್ಟಮ್ ತರಲು ಹೊರಟಿತು, ಅದು ಉಬುಂಟು ಮೇಲೆ ಕಟ್ಟಿದ್ದು. ಒಳ್ಳೆಯ ಹೆಜ್ಜೆ ಎಂದೇ ನನ್ನ ಅನಿಸಿಕೆ, ಏಕೆಂದರೆ ಒಂದು ದೇಶಕ್ಕೆ ಕೋಡ್ ಓದಲು ಜನರನ್ನು ಕೂರಿಸುವ ಶಕ್ತಿ ಇದೆ. ಮೈಕ್ರೋಸಾಫ್ಟ್ ಕೂಡ ಸರ್ಕಾರಗಳಿಗೆ ತನ್ನ ಕೋಡ್ ತೋರಿಸುವ ಏರ್ಪಾಡು ಇಟ್ಟಿದೆ, ಆದರೆ ತೋರಿಸುವುದು ಅದು ಹಾಕಿದ ಷರತ್ತಿನ ಮೇಲೆ. ಓದುವ ಹಕ್ಕು ಕೈಗೆ ಬಂದ ಮೇಲೆ ಓದುವವರಿಗೆ ಸಂಬಳ ಕೊಡಬೇಕು. ಉಬುಂಟುವಿನಲ್ಲಿ ಮುಚ್ಚಿದ ತೂತು ಮಾಯಾದಲ್ಲಿಯೂ ಅದೇ ವಾರ ಮುಚ್ಚಬೇಕು. ಹಾರ್ಟ್‌ಬ್ಲೀಡ್ ಆದ ಮೇಲೆ ದೊಡ್ಡ ಕಂಪನಿಗಳು ಲಿನಕ್ಸ್ ಫೌಂಡೇಶನ್ ಜೊತೆ ಸೇರಿ ಇಂಥ ಕೆಲಸಕ್ಕೆಂದೇ ದುಡ್ಡು ಹಾಕಿದವು. ಜರ್ಮನಿ ಸರ್ಕಾರ 2022ರಿಂದ ಓಪನ್ ಸೋರ್ಸ್ ನೋಡಿಕೊಳ್ಳುವವರಿಗೆ ಹಣ ಕೊಡುವ ನಿಧಿಯೊಂದನ್ನು ನಡೆಸುತ್ತಿದೆ. ಇಷ್ಟೆಲ್ಲ ಆದರೂ ಎಕ್ಸ್‌ಝಡ್ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಎಕ್ಸ್‌ಝಡ್‌ನ ಜಿಯಾ ಟಾನ್ ನಿಜವಾಗಿ ಯಾರು ಎಂಬುದು ಬಯಲಾಗಲಿಲ್ಲ, ಆ ಹೆಸರು ಮಾಯವಾಯಿತು. ಲಾಸ್ಸೆ ಕಾಲಿನ್ ವಾಪಸ್ ಬಂದರು. ತಮ್ಮ ಹೆಸರಿನ ಪಕ್ಕದಲ್ಲೇ ಇನ್ನೊಬ್ಬರು ಹಾಕಿಹೋದ ಬದಲಾವಣೆಗಳನ್ನೆಲ್ಲ ಕೂತು ತಪಾಸಣೆ ಮಾಡಿದರು. ಎರಡು ತಿಂಗಳ ನಂತರ, 2024ರ ಮೇ 29ರಂದು, ದಿಡ್ಡಿ ಬಾಗಿಲು ತೆಗೆದ 5.6.2 ಆವೃತ್ತಿಯನ್ನು ಬಿಡುಗಡೆ ಮಾಡಿದರು.